ಡ್ರಮ್ ಕಾರಿಗೆ ಡಿಸ್ಕ್ ಹಾಕಿಸಿ ಟ್ರ್ಯಾಕ್‌ಗೆ ಇಳಿಯುವ ಮುನ್ನ ಮಾಸ್ಟರ್ ಸಿಲಿಂಡರ್ ನೋಡಿ

1960ರ ದಶಕದ, ದೊಡ್ಡ ಎಂಜಿನ್ನಿನ ಮಸಲ್ ಕಾರಿನ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಹಾಕಿಸಿಯಾಯಿತು, ಇನ್ನು ಧೈರ್ಯವಾಗಿ ಟ್ರ್ಯಾಕ್‌ನಲ್ಲಿ ಓಡಿಸಬಹುದು ಎಂದುಕೊಂಡಿರುವವರು ದಯವಿಟ್ಟು ಒಮ್ಮೆ ಬಾನೆಟ್ ಎತ್ತಿ, ಅಲ್ಲಿರುವ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಪೈಪುಗಳ ಮೂಲಕ ಚಕ್ರಗಳಿಗೆ ತಳ್ಳುವ ಭಾಗ) ಯಾವ ಕಾರಿಗಾಗಿ ತಯಾರಾದದ್ದು ಎಂಬುದನ್ನು ಖಚಿತಪಡಿಸಿಕೊಳ್ಳಿ. ಅದನ್ನು ನೋಡದ ಗ್ಯಾರೇಜಿನಿಂದ ನನಗಾದ ನಷ್ಟವನ್ನೂ, ಸ್ವಲ್ಪದರಲ್ಲಿ ತಪ್ಪಿದ ಅಪಾಯವನ್ನೂ ಇಲ್ಲಿ ಬರೆಯುತ್ತಿದ್ದೇನೆ. ಅಮೆರಿಕದ ಮಿಷಿಗನ್ ರಾಜ್ಯದ ಕಾರು ಕಂಪನಿಗಳಲ್ಲಿ ದುಡಿಯುವ ನನ್ನ ಕನ್ನಡಿಗ ಗೆಳೆಯರಲ್ಲಿ ಕೆಲವರು ಇಂಥದ್ದೇ ಕಾರು ಹುಡುಕುತ್ತಿರುವುದರಿಂದ ಕನ್ನಡದಲ್ಲೇ ಬರೆಯುವುದು ಸರಿಯೆನಿಸಿತು.

ನನ್ನದು 1966ರ ಮಾದರಿಯ ಫೋರ್ಡ್ ಮಸ್ಟಾಂಗ್. 289 ಘನ ಇಂಚಿನ, ಅಂದರೆ ಸುಮಾರು 4.7 ಲೀಟರಿನ ವಿ8 ಎಂಜಿನ್ ಇರುವ ಕಾರು. ಮಸ್ಟಾಂಗನ್ನು ಮಸಲ್ ಕಾರು ಎನ್ನಬಾರದು, ಅದಕ್ಕಿಂತ ಚಿಕ್ಕದಾದ ಪೋನಿ ಕಾರು ಎನ್ನಬೇಕು ಎಂದು ವಾದಿಸುವವರಿದ್ದಾರೆ. ಬ್ರೇಕಿನ ವಿಷಯದಲ್ಲಿ ಆ ವಾದದಿಂದ ಏನೂ ಬದಲಾಗದು. ಆ ವರ್ಷದ ಕಾರುಗಳಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್ (ಚಕ್ರದೊಡನೆ ತಿರುಗುವ ಡಬ್ಬಿಯ ಒಳಗೋಡೆಗೆ ಶೂ ಎಂಬ ಪಟ್ಟಿಗಳು ಒತ್ತಿ ನಿಲ್ಲಿಸುವಂಥದ್ದು) ಇರುವುದೇ ರೂಢಿಯಾಗಿತ್ತು, ಮುಂದಿನ ಡಿಸ್ಕ್‌ಗೆ (ತಿರುಗುವ ತಟ್ಟೆಯನ್ನು ಪ್ಯಾಡ್‌ಗಳು ಎರಡೂ ಕಡೆಯಿಂದ ಒತ್ತಿ ಹಿಡಿಯುವ ಬ್ರೇಕಿಗೆ) ಹೆಚ್ಚಿನ ಹಣ ಕೊಡಬೇಕಿತ್ತು. ಅದಕ್ಕಿಂತ ದೊಡ್ಡ ಕೊರತೆಯೆಂದರೆ, ಮಾಸ್ಟರ್ ಸಿಲಿಂಡರಿನಲ್ಲಿ ಒಂದೇ ಕೋಣೆ ಇರುತ್ತಿದ್ದು, ಎಲ್ಲಾದರೂ ಒಂದು ಪೈಪು ಒಡೆದರೆ ನಾಲ್ಕು ಚಕ್ರದ ಬ್ರೇಕೂ ಒಟ್ಟಿಗೆ ಹೋಗುತ್ತಿತ್ತು. ಮುಂದಿನ ಚಕ್ರಗಳಿಗೊಂದು, ಹಿಂದಿನವಕ್ಕೊಂದು ಎಂದು ಎರಡು ಕೋಣೆಗಳ ಸಿಲಿಂಡರ್ ಮಸ್ಟಾಂಗಿಗೆ ಬಂದದ್ದು 1967ರ ಮಾದರಿಯಿಂದ. ಆದ್ದರಿಂದ 1966ರವರೆಗಿನ ಕಾರನ್ನು ಟ್ರ್ಯಾಕ್‌ಗೆ ಒಯ್ಯುವವರು ಡಿಸ್ಕ್‌ನ ಜೊತೆಗೆ ಸಿಲಿಂಡರನ್ನೂ ಬದಲಿಸುವುದು ವಾಡಿಕೆ, ಮತ್ತು ಅದು ಸರಿಯಾದ ವಾಡಿಕೆ.

ಹಳೆಯ ಕಾರುಗಳ ಕೆಲಸಕ್ಕೇ ಹೆಸರಾದ ಒಂದು ಗ್ಯಾರೇಜಿಗೆ ನಾನು ಕಾರನ್ನು ಒಪ್ಪಿಸಿದಾಗ, ಇದು ಟ್ರ್ಯಾಕ್‌ಗೆ ಹೋಗುವ ಕಾರು ಎಂಬುದನ್ನು ಬರಹದಲ್ಲೇ ತಿಳಿಸಿದ್ದೆ. ನಾಲ್ಕು ಬಾಯಿಯ ಕಾರ್ಬ್ಯುರೇಟರ್, ಅಲ್ಯೂಮಿನಿಯಂ ಇನ್‌ಟೇಕ್, ಹೊಸ ಎಕ್ಸಾಸ್ಟ್ ಹೆಡರ್‌ಗಳು, ಮುಂದಕ್ಕೆ ಡಿಸ್ಕ್ ಕಿಟ್, ಎರಡು ಕೋಣೆಗಳ ಮಾಸ್ಟರ್ ಸಿಲಿಂಡರ್, ಇಷ್ಟು ಒಪ್ಪಂದದಲ್ಲಿತ್ತು. ಎಂಜಿನ್ನಿನ ಕೆಲಸಕ್ಕೆ ಬಿಲ್ಲಿನಲ್ಲಿ ಗ್ಯಾಸ್ಕೆಟ್‌ನ ಸಂಖ್ಯೆಯವರೆಗೂ ವಿವರವಿತ್ತು. ಬ್ರೇಕಿಗೆ ಮಾತ್ರ ‘ಮುಂದಿನ ಡಿಸ್ಕ್ ಪರಿವರ್ತನೆ, ಸಂಪೂರ್ಣ’ ಎಂಬ ಒಂದೇ ಸಾಲು. ಯಾವ ಭಾಗವೆಂದು ಕೇಳಿದ್ದಕ್ಕೆ ‘ಎಲ್ಲ ಹೊಂದುವಂಥದ್ದೇ ಹಾಕಿದ್ದೇವೆ’ ಎಂಬ ಉತ್ತರ ಬಂತು. ಟ್ರ್ಯಾಕ್‌ನ ತಪಾಸಣಾ ಪತ್ರದಲ್ಲಿ ಬ್ರೇಕಿನ ಸಾಲುಗಳಿಗೆಲ್ಲ ಗುರುತು ಹಾಕಿ ಸಹಿ ಮಾಡಿಕೊಟ್ಟವರೂ ಅವರೇ.

ನಾನು ಹೋದದ್ದು ಸೌತ್ ಹೇವನ್ ಊರಿನ ಜಿಂಜರ್‌ಮ್ಯಾನ್ ರೇಸ್‌ವೇಗೆ. ಮಿಷಿಗನ್ ಸರೋವರದ ದಂಡೆಗೆ ಹತ್ತಿರವಿರುವ ಸುಮಾರು 2.14 ಮೈಲಿಯ ಈ ಟ್ರ್ಯಾಕ್, ಅಂಚಿನಾಚೆ ಅಗಲವಾದ ಹುಲ್ಲುಗಾವಲು ಇರುವ ಕಾರಣ ಹೊಸಬರಿಗೆ ಒಳ್ಳೆಯದು. ಅಂದಿನದು ಸ್ಪರ್ಧೆಯಾಗಿರಲಿಲ್ಲ, ಪಕ್ಕದ ಸೀಟಿನಲ್ಲಿ ಬೋಧಕರು ಕುಳಿತು ಕಲಿಸುವ, ಮುಂದಿನ ಚಾಲಕ ಕೈ ತೋರಿಸಿ ದಾರಿ ಕೊಟ್ಟ ಮೇಲಷ್ಟೇ ಹಿಂದಿಕ್ಕಬಹುದಾದ ಕಲಿಕೆಯ ದಿನ. ಬೆಳಗಿನ ತಪಾಸಣೆಯಲ್ಲಿ ಪೆಡಲ್ ಕಲ್ಲಿನಂತೆ ಗಟ್ಟಿಯಾಗಿತ್ತು. ಮೊದಲ ಸರದಿ ಸುಸೂತ್ರವಾಗಿ ಮುಗಿಯಿತು. ಎರಡನೆಯದರಲ್ಲಿ ವೇಗ ಹೆಚ್ಚಿದಂತೆ ಸುಟ್ಟ ವಾಸನೆ ಬರತೊಡಗಿತು. ಹಾಗಾದರೆ ಈ ಸುತ್ತು ಮುಗಿಸಿ ಪಿಟ್‌ಗೆ ಹೋಗೋಣ ಎಂದು ಬೋಧಕರು ಹೇಳಿದರು. ಹಿಂಬದಿಯ ಉದ್ದನೆಯ ನೇರದ ಕೊನೆಯಲ್ಲಿ, ಗಂಟೆಗೆ 100 ಮೈಲಿಗೆ ಸಮೀಪದ ವೇಗದಲ್ಲಿ ಬ್ರೇಕ್ ಒತ್ತಿದರೆ ಪೆಡಲ್ ತಡೆಯೇ ಇಲ್ಲದೆ ನೆಲ ಮುಟ್ಟಿತು. ಮತ್ತೆ ಮತ್ತೆ ತುಳಿದಾಗ ಹಿಂದಿನ ಡ್ರಮ್‌ಗಳು ಒಂದಿಷ್ಟು ಹಿಡಿದವು. ತಿರುಗಿಸಬೇಡಿ, ನೇರ ಹೋಗಿ ಎಂದು ಬೋಧಕರು ಕೂಗಿದ್ದರಿಂದ ಕಾರು ಮಗುಚದೆ ಹುಲ್ಲಿಗೆ ಇಳಿಯಿತು. ಅಲ್ಲಿ ಹಿಂದಿನ ಚಕ್ರಗಳು ಬಿಗಿದು ಕಾರು ಅಡ್ಡಡ್ಡ ಜಾರಿ, ಮುಂದಿನ ಒಂದು ರಿಮ್ಮೂ ಸ್ಟೀರಿಂಗಿನ ಟೈ ರಾಡೂ ಬಾಗಿದವು. ಇಬ್ಬರಿಗೂ ಪೆಟ್ಟಾಗಲಿಲ್ಲ. ಗ್ಯಾರೇಜಿನವರು ಹಳೆಯ ಸಿಲಿಂಡರನ್ನೇ ಉಳಿಸಿದ್ದರೆ ಹಿಂದಿನ ಆ ಅಷ್ಟು ಹಿಡಿತವೂ ಸಿಗುತ್ತಿರಲಿಲ್ಲ ಎಂಬುದನ್ನು ಒಪ್ಪಲೇಬೇಕು.

ವಿಚಿತ್ರವೆಂದರೆ ಅರ್ಧ ಗಂಟೆ ಕಳೆದು ಎಲ್ಲ ತಣ್ಣಗಾದ ಮೇಲೆ ಪೆಡಲ್ ಮತ್ತೆ ಮೊದಲಿನಂತೆ ಗಟ್ಟಿಯಾಯಿತು. ಗ್ಯಾರೇಜಿನವರು ಜಾರಿಕೊಂಡದ್ದು ಇದೇ ಸಂದಿನಲ್ಲಿ: ಪೆಡಲ್ ಸರಿಯಾಗಿಯೇ ಇದೆ, ನೀವು ಅತಿಯಾಗಿ ಓಡಿಸಿದ್ದೀರಿ ಎಂದು ಕೈ ತೊಳೆದುಕೊಂಡರು. ಈ ಮಾತನ್ನು ಯಾರೂ ಒಪ್ಪಬಾರದು. ಕಾದು ಹಿಡಿತ ಕಳೆದುಕೊಂಡದ್ದು ಪ್ಯಾಡ್ ಆಗಿದ್ದರೆ ಪೆಡಲ್ ಗಟ್ಟಿಯಾಗಿಯೇ ಇದ್ದು ಕಾರು ಮಾತ್ರ ನಿಲ್ಲುವುದಿಲ್ಲ. ಪೆಡಲ್ ನೆಲಕ್ಕೆ ಹೋಗಿ, ತಣ್ಣಗಾದಾಗ ಮರಳಿ ಬಂದರೆ, ಬ್ರೇಕ್ ಆಯಿಲ್ ಕುದಿದು ಆವಿಯಾಗಿದೆ ಎಂದೇ ಬಹುತೇಕ ಅರ್ಥ. ಆವಿ ಒತ್ತಿದರೆ ಕುಗ್ಗುತ್ತದೆಯೇ ಹೊರತು ಒತ್ತಡವನ್ನು ಚಕ್ರಕ್ಕೆ ದಾಟಿಸುವುದಿಲ್ಲ. ಗ್ಯಾರೇಜಿನವರು ತುಂಬಿದ್ದದ್ದು ಡಾಟ್ 3 ದರ್ಜೆಯ ಬ್ರೇಕ್ ಆಯಿಲ್. ಹೊಸದಾಗಿದ್ದಾಗ ಅದರ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ಮಾನದಂಡ. ಗಾಳಿಯ ತೇವ ಹೀರಿ ಸುಮಾರು 3.7 ಶೇಕಡಾ ನೀರು ಸೇರಿದಾಗ ಅದು 140ಕ್ಕೆ ಇಳಿಯಬಹುದು. ಡಾಟ್ 4ರಲ್ಲಿ ಇವೇ ಅಂಕಿಗಳು 230 ಮತ್ತು 155. ಟ್ರ್ಯಾಕ್ ಕಾರಿಗೆ ಡಾಟ್ 3 ತುಂಬಿದ್ದೇ ಒಂದು ತಪ್ಪು. ಆದರೆ ಎರಡನೆಯ ಸರದಿಗೇ ಕುದಿಯುವಷ್ಟು ಶಾಖ ಎಲ್ಲಿಂದ ಬಂತೆಂಬ ಪ್ರಶ್ನೆ ಉಳಿದೇ ಇತ್ತು.

ಉತ್ತರ ಹುಡುಕಿದ್ದು ಮನೆಯ ಶೆಡ್ಡಿನಲ್ಲಿ. ಕಾರಿನ ಮುಂಭಾಗವನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಪೆಡಲ್ ಒತ್ತಿ ಬಿಟ್ಟ ಕೂಡಲೇ ಚಕ್ರವನ್ನು ಕೈಯಿಂದ ತಿರುಗಿಸಿದರೆ ಅದು ಉಜ್ಜುತ್ತ, ಬಿಗಿಯಾಗಿ ತಿರುಗುತ್ತಿತ್ತು. ಪ್ಯಾಡ್‌ಗಳನ್ನು ಒತ್ತುವ ಕ್ಯಾಲಿಪರಿನ ಏರ್ ತೆಗೆಯುವ ನಿಪ್ಪಲ್ ಸಡಿಲಿಸಿದೊಡನೆ ಆಯಿಲ್ ಚಿಮ್ಮಿ ಚಕ್ರ ಹಗುರಾಯಿತು. ಅಂದರೆ ಕಾಲು ತೆಗೆದ ಮೇಲೂ ಒತ್ತಡ ಒಳಗೇ ಉಳಿಯುತ್ತಿತ್ತು. ಮತ್ತೊಮ್ಮೆ ಒತ್ತಿ, ಈ ಸಲ ಮಾಸ್ಟರ್ ಸಿಲಿಂಡರಿನ ಬಳಿಯ ಪೈಪನ್ನು ಸಡಿಲಿಸಿದಾಗಲೂ ಚಕ್ರ ಬಿಟ್ಟುಕೊಂಡದ್ದರಿಂದ, ದೋಷ ಚಕ್ರದ ಬಳಿಯ ರಬ್ಬರ್ ಹೋಸಿನಲ್ಲಿ ಇಲ್ಲ, ಸಿಲಿಂಡರಿನಲ್ಲೇ ಇದೆ ಎಂದಾಯಿತು. ಪೆಡಲಿನಿಂದ ಸಿಲಿಂಡರನ್ನು ಒತ್ತುವ ಪುಶ್ ರಾಡಿಗೆ ಒಂದಿಷ್ಟು ಸಡಿಲಿಕೆ ಇಲ್ಲದಿದ್ದರೂ ಹೀಗೇ ಆಗುತ್ತದೆ. ಅದನ್ನು ಅಳೆದು ನೋಡಿದೆ, ಸರಿಯಿತ್ತು. ಕೊನೆಗೆ ಸಿಲಿಂಡರಿನಿಂದ ಮುಂದಿನ ಚಕ್ರಗಳಿಗೆ ಹೋಗುವ ಹೊರದಾರಿಯಲ್ಲಿದ್ದ, ಪೈಪು ಕೂರುವ ಹಿತ್ತಾಳೆಯ ಬಳೆಗೆ ಒಂದು ಸ್ಕ್ರೂ ತಿರುಗಿಸಿ ಎಳೆದಾಗ, ಅದರ ಹಿಂದೆಯೇ ಬಾತುಕೋಳಿಯ ಕೊಕ್ಕಿನಾಕಾರದ ಪುಟ್ಟ ರಬ್ಬರ್ ವಾಲ್ವ್ ಮತ್ತು ಒಂದು ಸ್ಪ್ರಿಂಗ್ ಹೊರಬಂದವು.

ಅದು ಉಳಿಕೆ ಒತ್ತಡದ ವಾಲ್ವ್. ಡ್ರಮ್ ಬ್ರೇಕಿನಲ್ಲಿ ಶೂಗಳನ್ನು ಎಳೆದುಕೊಳ್ಳಲು ಬಲವಾದ ಸ್ಪ್ರಿಂಗ್‌ಗಳಿರುವುದರಿಂದ, ಚಕ್ರದ ಸಿಲಿಂಡರಿನ ರಬ್ಬರ್ ಬಟ್ಟಲುಗಳು ಅಂಚಿಗೆ ಒತ್ತಿಕೊಂಡೇ ಇರಲೆಂದು ಚದರ ಇಂಚಿಗೆ 10 ಪೌಂಡ್‌ನಷ್ಟು ಒತ್ತಡವನ್ನು ಪೈಪಿನಲ್ಲಿ ಸದಾ ಉಳಿಸುತ್ತಾರೆ. ಡಿಸ್ಕ್‌ನ ಪ್ಯಾಡನ್ನು ಹಿಂದಕ್ಕೆ ಎಳೆಯುವ ಸ್ಪ್ರಿಂಗೇ ಇಲ್ಲ. ಅಷ್ಟೇ ಒತ್ತಡ ಅಲ್ಲಿ ಪ್ಯಾಡನ್ನು ಡಿಸ್ಕ್‌ಗೆ ಅಂಟಿಸಿಯೇ ಇಡುತ್ತದೆ. ಗ್ಯಾರೇಜಿನವರು ಅಗ್ಗಕ್ಕೆ ಸಿಕ್ಕ, ನಾಲ್ಕೂ ಡ್ರಮ್ ಇರುವ ಕಾರಿನ ಎರಡು ಕೋಣೆಯ ಸಿಲಿಂಡರನ್ನು ವಾಲ್ವ್ ತೆಗೆಯದೆ ಕೂರಿಸಿದ್ದರು. ಊರೊಳಗಿನ ಓಡಾಟದಲ್ಲಿ ಇದು ಗೊತ್ತೇ ಆಗುವುದಿಲ್ಲ, ಹೆಚ್ಚೆಂದರೆ ರಿಮ್ ಸ್ವಲ್ಪ ಬೆಚ್ಚಗಿರುತ್ತದೆ. ಟ್ರ್ಯಾಕ್‌ನಲ್ಲಿ ಹಾಗಲ್ಲ: 60 ಮೈಲಿ ವೇಗದಿಂದ ನಿಲ್ಲಿಸುವುದಕ್ಕೂ 100ರಿಂದ ನಿಲ್ಲಿಸುವುದಕ್ಕೂ ಬ್ರೇಕು ಹೀರಬೇಕಾದ ಶಕ್ತಿಯಲ್ಲಿ ಹತ್ತಿರ ಹತ್ತಿರ ಮೂರು ಪಟ್ಟು ವ್ಯತ್ಯಾಸವಿದೆ, ಮತ್ತು ನೇರ ರಸ್ತೆಯಲ್ಲಿ ತಣಿಯಬೇಕಾದ ಡಿಸ್ಕ್ ಉಜ್ಜುತ್ತಲೇ ಇದ್ದರೆ ಆ ಶಾಖಕ್ಕೆ ಹೋಗಲು ದಾರಿಯಿಲ್ಲ. ಎಂಜಿನ್ನಿಗೆ ಶಕ್ತಿ ತುಂಬಿದಷ್ಟೂ ಇದು ಬೇಗ ಕೆಡುತ್ತದೆ.

ಹಣದ ವಿಷಯಕ್ಕೆ ಬಂದರೆ, ಹಳೆಯ ಕಾರುಗಳಿಗೆಂದೇ ಇರುವ ನನ್ನ ವಿಮೆಯಲ್ಲಿ ಟ್ರ್ಯಾಕ್ ಬಳಕೆ ಹೊರಗಿತ್ತು. ಇಂಥ ಪಾಲಿಸಿಗಳಲ್ಲಿ ಇದು ಸಾಮಾನ್ಯ, ಆ ಒಂದು ದಿನಕ್ಕಷ್ಟೇ ಸಿಗುವ ಟ್ರ್ಯಾಕ್ ವಿಮೆಯನ್ನು ಬೇರೆಯಾಗಿ ಕೊಳ್ಳಬೇಕು. ಮಿಷಿಗನ್ನಿನಲ್ಲಿ ವಾಹನ ದುರಸ್ತಿ ಅಂಗಡಿಗಳ ಮೇಲೆ ರಾಜ್ಯದ ಕಾನೂನಿದ್ದು, ಬಿಚ್ಚಿದ ಹಳೆಯ ಭಾಗಗಳನ್ನು ಕೇಳಿ ಪಡೆಯುವ ಹಕ್ಕೂ ದೂರು ಕೊಡುವ ಅವಕಾಶವೂ ಗ್ರಾಹಕರಿಗಿವೆ. ನಾನು ದೂರು ಕೊಟ್ಟಿದ್ದೇನೆ, ಆದ್ದರಿಂದ ಅಂಗಡಿಯ ಹೆಸರು ಇಲ್ಲಿಲ್ಲ.

ಕೆಲಸ ಕೊಡುವಾಗ ಮಾಸ್ಟರ್ ಸಿಲಿಂಡರಿನ ಭಾಗ ಸಂಖ್ಯೆಯನ್ನೂ, ಅದು ಡಿಸ್ಕ್-ಡ್ರಮ್ ಜೋಡಿಗೆ ಮಾಡಿದ್ದೇ ಎಂಬುದನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಹಿಂದಿನ ಡ್ರಮ್‌ಗೆ ಹೋಗುವ ಒತ್ತಡ ತಗ್ಗಿಸುವ ವಾಲ್ವ್ ಇದೆಯೇ ಎಂದೂ ಕೇಳಿ; ನನ್ನ ಕಾರಿನಲ್ಲಿ ಅದೂ ಇರಲಿಲ್ಲ, ಹುಲ್ಲಿನ ಮೇಲೆ ಹಿಂದಿನ ಚಕ್ರಗಳು ಅಷ್ಟು ಬೇಗ ಬಿಗಿದದ್ದು ಅದರಿಂದಲೂ ಇರಬೇಕು. ಪರಿವರ್ತನೆ ಆಗಿರುವ ಕಾರನ್ನೇ ಕೊಳ್ಳುವವರು ಮಾರುವವರ ಬಳಿ ಚಕ್ರದ ಫೋಟೋ ಜೊತೆಗೆ ಸಿಲಿಂಡರಿನ ಮುಚ್ಚಳ ತೆಗೆದ ಫೋಟೋವನ್ನೂ ತರಿಸಿಕೊಳ್ಳಿ. ಡಿಸ್ಕ್-ಡ್ರಮ್ ಸಿಲಿಂಡರಿನಲ್ಲಿ ಸಾಮಾನ್ಯವಾಗಿ ಡಿಸ್ಕ್ ಕಡೆಯ ಕೋಣೆ ದೊಡ್ಡದಿರುತ್ತದೆ. ಎರಡೂ ಸಮನಾಗಿ ಕಂಡರೆ ಅದು ಡ್ರಮ್ ಕಾರಿನದೇ ಎಂದು ಹೇಳಲಾಗದು, ಆದರೆ ಭಾಗ ಸಂಖ್ಯೆ ಸಿಗುವವರೆಗೆ ಮುಂಗಡ ಕೊಡಬೇಡಿ.