ಹಳೆ ಟಿವಿ ಕಾರ್ಯಕ್ರಮ, ದೊಡ್ಡ ಪರದೆ: ಎಂಪಿವಿ ಪ್ಲೇಯರ್ ಜೊತೆ ನಾಲ್ಕು ವರ್ಷ

ಎಂಪಿವಿ ಉಚಿತವಾಗಿ ಸಿಗುವ ವಿಡಿಯೋ ಪ್ಲೇಯರ್. 2013ರಿಂದ ಇದೆ. ವಿಂಡೋಸ್, ಲಿನಕ್ಸ್, ಮ್ಯಾಕ್ ಎಲ್ಲದರಲ್ಲೂ ಓಡುತ್ತದೆ. ನಾನು ಇದನ್ನು ನಾಲ್ಕು ವರ್ಷದಿಂದ ಹೆಚ್ಚುಕಡಿಮೆ ಒಂದೇ ಕೆಲಸಕ್ಕೆ ಬಳಸುತ್ತಿದ್ದೇನೆ: ಹಳೆ ಎಸ್‌ಡಿ (ಎಚ್‌ಡಿಗಿಂತ ಮುಂಚಿನ, ಕಡಿಮೆ ಸ್ಪಷ್ಟತೆಯ) ಟಿವಿ ಕಾರ್ಯಕ್ರಮಗಳನ್ನು ಕಂಪ್ಯೂಟರಿನ ದೊಡ್ಡ ಪರದೆಯಲ್ಲಿ ನೋಡಲು. ಕೆಲವು ನಾನೇ ಕಂಪ್ಯೂಟರಿಗೆ ಟಿವಿ ಹಿಡಿದುಕೊಡುವ ಟ್ಯೂನರ್ ಕಾರ್ಡಿನಿಂದ ರೆಕಾರ್ಡ್ ಮಾಡಿದವು. ಉಳಿದವು ಅಪ್ಪ ವಿಎಚ್‌ಎಸ್ ಟೇಪಿನಲ್ಲಿ ಹಿಡಿದಿಟ್ಟವು.

ಚಿಕ್ಕ ಚಿತ್ರವನ್ನು ದೊಡ್ಡ ಪರದೆಗೆ ಹಿಗ್ಗಿಸುವುದೇ ಅಪ್‌ಸ್ಕೇಲಿಂಗ್. ಅದು ಎಷ್ಟು ದೊಡ್ಡ ಕೆಲಸ ಅನ್ನುವುದಕ್ಕೆ ಒಂದು ಲೆಕ್ಕ ಸಾಕು. ನಾನು ನೋಡುವ ಎಸ್‌ಡಿ ಚಿತ್ರದಲ್ಲಿ 720×576, ಅಂದರೆ 4,14,720 ಪಿಕ್ಸೆಲ್ ಇರುತ್ತವೆ. ಫುಲ್ ಎಚ್‌ಡಿ ಪರದೆಯಲ್ಲಿ 20,73,600. ಸರಿಯಾಗಿ ಐದು ಪಟ್ಟು. ಅಗಲ ಪರದೆಯ ಕಾರ್ಯಕ್ರಮವನ್ನು ಪೂರ್ತಿ ತುಂಬಿಸಿ ನೋಡಿದರೆ ಐದು ಪಿಕ್ಸೆಲ್‌ನಲ್ಲಿ ನಾಲ್ಕು ಕಂಪ್ಯೂಟರ್ ಊಹಿಸಿದ್ದೇ. 4ಕೆ ಪರದೆಯಾದರೆ 20ರಲ್ಲಿ 19. ಊಹೆ ಚೆನ್ನಾಗಿರಬೇಕಾದರೆ ನಾವು ಅದರ ಕೈಗೆ ಕೊಡುವ ಚಿತ್ರ ಶುದ್ಧವಾಗಿರಬೇಕು. ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಒಂದು ವರ್ಷವೇ ಬೇಕಾಯಿತು. ಎಲ್ಲರ ಹಾಗೆ ನಾನೂ ಮೊದಲು ಯಾವ ಸ್ಕೇಲರ್ (ಚಿತ್ರ ಹಿಗ್ಗಿಸುವ ಲೆಕ್ಕದ ವಿಧಾನ) ಒಳ್ಳೆಯದು, ಲ್ಯಾಂಕ್‌ಜೋಸಾ ಸ್ಪ್ಲೈನ್‌ಆ ಅಂತ ಹುಡುಕುತ್ತಾ ಕೂತಿದ್ದೆ. ತೊಂದರೆ ಅಲ್ಲಿರಲೇ ಇಲ್ಲ.

ಒಂದು ವಾರ್ತೆಯ ರೆಕಾರ್ಡಿಂಗ್ ಹಾಕಿದ್ದೆ. ಕೆಳಗೆ ಅಕ್ಷರಗಳ ಪಟ್ಟಿ ಎಡಕ್ಕೆ ಸರಿಯುತ್ತಿತ್ತು. ಪರದೆ ಹತ್ತಿರ ಹೋಗಿ ನೋಡಿದರೆ ಒಂದೊಂದು ಅಕ್ಷರದ ಅಂಚಿನಲ್ಲೂ ಬಾಚಣಿಗೆಯ ಹಲ್ಲು. ವಾಚಕಿ ತಲೆ ತಿರುಗಿಸಿದಾಗ ಕೆನ್ನೆಯ ಮೇಲೂ ಅದೇ ಹಲ್ಲು. ಹಳೆ ಟಿವಿ ಪ್ರಸಾರ ಇಂಟರ್‌ಲೇಸ್ ಆಗಿರುತ್ತದಲ್ವಾ, ಅದರ ಗುರುತು ಇದು. ಒಂದು ಚಿತ್ರದ ಬೆಸ ಗೆರೆಗಳು ಒಂದು ಕ್ಷಣದವು, ಸಮ ಗೆರೆಗಳು ಸೆಕೆಂಡಿನ 50ರಲ್ಲಿ ಒಂದು ಭಾಗದಷ್ಟು ಆಚೆಯವು. ಹಳೆ ಡಬ್ಬ ಟಿವಿ ಇವನ್ನು ಒಂದಾದ ಮೇಲೊಂದು ತೋರಿಸುತ್ತಿತ್ತು, ಹಾಗಾಗಿ ಏನೂ ಗೊತ್ತಾಗುತ್ತಿರಲಿಲ್ಲ. ಕಂಪ್ಯೂಟರ್ ಎರಡನ್ನೂ ಒಟ್ಟಿಗೆ ತೋರಿಸುತ್ತದೆ. ಅಪ್‌ಸ್ಕೇಲರ್‌ಗೆ ಪಾಪ ಇದೆಲ್ಲ ಏನು ಗೊತ್ತು? ಹಲ್ಲುಗಳೂ ಚಿತ್ರದ ಭಾಗವೇ ಅಂತ ಅಂದುಕೊಂಡು ಅವನ್ನೂ ಚೂಪಾಗಿ ದೊಡ್ಡದು ಮಾಡಿ ಕೊಡುತ್ತದೆ.

ಎಂಪಿವಿಯಲ್ಲಿ ಇದಕ್ಕೆ ಕೀಬೋರ್ಡಿನ ಡಿ ಕೀ ಒತ್ತಿದರೆ ಆಯಿತು, ಡಿಇಂಟರ್‌ಲೇಸಿಂಗ್, ಅಂದರೆ ಆ ಬೆಸ-ಸಮ ಗೆರೆಗಳನ್ನು ಬೇರ್ಪಡಿಸುವ ಕೆಲಸ, ಶುರು. ಹಲ್ಲು ಹೋಗುವುದು ಅದರ ಅರ್ಧ ಲಾಭ ಮಾತ್ರ. ಪ್ರತಿ ಫೀಲ್ಡಿನಿಂದಲೂ (ಬೆಸ ಗೆರೆಗಳದ್ದು ಒಂದು ಫೀಲ್ಡು, ಸಮ ಗೆರೆಗಳದ್ದು ಇನ್ನೊಂದು) ಒಂದು ಪೂರ್ತಿ ಚಿತ್ರ ಕಟ್ಟುವುದರಿಂದ ಸೆಕೆಂಡಿಗೆ 25 ಇದ್ದ ಫ್ರೇಮು 50 ಆಗುತ್ತದೆ. ಅಕ್ಷರದ ಪಟ್ಟಿ ನೀರಿನ ಹಾಗೆ ಹರಿಯುತ್ತದೆ. ಆಟಗಾರ ಓಡಿದರೆ ನಿಜವಾಗಿ ಓಡಿದ ಹಾಗೆ ಕಾಣುತ್ತದೆ. ಎಸ್‌ಡಿ ಚಿತ್ರ ಮಂಕು ಅಂತ ನಾವು ಬೈದುಕೊಳ್ಳುವುದರಲ್ಲಿ ಎಷ್ಟೋ ಪಾಲು ಹೀಗೆ ಕಳೆದುಹೋದ ಚಲನೆಯೇ. ಕೆಲವು ಸಾಫ್ಟ್‌ವೇರ್ ಸುಲಭದ ದಾರಿ ಅಂತ ಒಂದು ಫೀಲ್ಡನ್ನು ಬಿಸಾಕಿಬಿಡುತ್ತವೆ. ಆಗ ನಿಮಗೆ ಉಳಿಯುವುದು 576 ಅಲ್ಲ, 288 ಗೆರೆ. ಅದನ್ನು ಎಷ್ಟು ದೊಡ್ಡದು ಮಾಡಿದರೂ ಏನು ಬಂತು? ಟಿವಿಯಲ್ಲಿ ಬಂದ ಸಿನಿಮಾಗಳ ಮಾತು ಬೇರೆ. ಅವುಗಳಲ್ಲಿ ಎರಡೂ ಫೀಲ್ಡು ಸಾಮಾನ್ಯವಾಗಿ ಒಂದೇ ಕ್ಷಣದವು. ಅಲ್ಲಿ ಡಿಇಂಟರ್‌ಲೇಸಿಂಗ್ ಆಫ್ ಮಾಡುವುದೇ ಒಳ್ಳೆಯದು, ಇಲ್ಲದಿದ್ದರೆ ಸುಮ್ನೆ ಚೂಪು ಕಳೆದುಕೊಳ್ಳುತ್ತೀರಿ.

ಇಲ್ಲಿ ಇನ್ನೊಂದು ವಿಷಯ. 50 ಫ್ರೇಮಿನ ವಿಡಿಯೋವನ್ನು 60 ಹರ್ಟ್ಸ್ (ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವ) ಮಾನಿಟರಿನಲ್ಲಿ ನೋಡಿದರೆ ಪ್ರತಿ ಐದು ಫ್ರೇಮಿನಲ್ಲಿ ಒಂದು ಫ್ರೇಮು ಎರಡು ಸಲ ಬರುತ್ತದೆ. ಹರಿಯುವ ಪಟ್ಟಿ ಆಗಾಗ ಎಡವುತ್ತದೆ. ನಿಮ್ಮ ಮಾನಿಟರ್ 50 ಹರ್ಟ್ಸ್ ಒಪ್ಪುತ್ತದಾ ನೋಡಿ. ನನ್ನದು ಒಪ್ಪಿತು, ಆ ಎಡವು ನಿಂತಿತು.

ಈಗ ಸ್ಕೇಲರ್. ಸೆಟ್ಟಿಂಗ್ ಫೈಲಿನಲ್ಲಿ ಹೈ ಕ್ವಾಲಿಟಿ ಪ್ರೊಫೈಲ್ ಅಂತ ಒಂದೇ ಸಾಲು ಬರೆದರೆ ಬಹುಪಾಲು ಜನಕ್ಕೆ ಅಷ್ಟೇ ಸಾಕು. ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಎನ್‌ಎನ್‌ಇಡಿಐ3 ಅನ್ನುವ ಶೇಡರ್ (ಗ್ರಾಫಿಕ್ಸ್ ಚಿಪ್ಪಿನಲ್ಲಿ ಓಡುವ ಚಿಕ್ಕ ಪ್ರೋಗ್ರಾಂ) ಹಾಕಿಕೊಂಡಿದ್ದೇನೆ. ಇದು ಪುಟ್ಟ ನ್ಯೂರಲ್ ನೆಟ್‌ವರ್ಕ್. ಚಿತ್ರವನ್ನು ನೇರವಾಗಿ ಎರಡು ಪಟ್ಟು ಮಾಡುತ್ತದೆ, 576 ಗೆರೆ 1152 ಆಗುತ್ತದೆ. ಆಮೇಲೆ ಪ್ಲೇಯರ್ ಅದನ್ನು 1080ಕ್ಕೆ ಸ್ವಲ್ಪ ಇಳಿಸುತ್ತದೆ. ಇದರ ಬೆಲೆ ಗೊತ್ತಾಗುವುದು ಓರೆ ಗೆರೆಗಳಲ್ಲಿ. ಆಟದ ಮೈದಾನದ ಬಿಳಿ ಗೆರೆ, ಮೈಕಿನ ವೈರು, ಕನ್ನಡಕದ ಕಡ್ಡಿ, ಇವೆಲ್ಲ ಮೊದಲು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತಿದ್ದವು, ಈಗ ಎಳೆದ ದಾರದ ಹಾಗೆ ನೇರ. ಮುಖದ ಮೇಲೆ ಮಾತ್ರ ಅಷ್ಟೇನೂ ವ್ಯತ್ಯಾಸ ಕಾಣುವುದಿಲ್ಲ. ನನಗೆ ಅದೇ ಇಷ್ಟ. ಯಾಕೆ ಅಂತ ಕೆಳಗೆ ಹೇಳುತ್ತೇನೆ.

ಶೇಡರಿಗೆ ಗ್ರಾಫಿಕ್ಸ್ ಶಕ್ತಿ ಬೇಕು. 50 ಫ್ರೇಮು ಅಂದರೆ ಒಂದೊಂದಕ್ಕೆ ಸಿಗುವುದು 20 ಮಿಲಿಸೆಕೆಂಡ್. ಐ ಕೀ ಒತ್ತಿ, ಆಮೇಲೆ 2 ಒತ್ತಿದರೆ ಯಾವ ಹಂತಕ್ಕೆ ಎಷ್ಟು ಸಮಯ ಹಿಡಿಯಿತು ಅಂತ ಪರದೆ ಮೇಲೆಯೇ ಬರುತ್ತದೆ. ನನ್ನ ಹಳೆ ಲ್ಯಾಪ್‌ಟಾಪಿನಲ್ಲಿ ದೊಡ್ಡ ಶೇಡರ್ ಹಾಕಿದಾಗ ಫ್ರೇಮು ಬೀಳುತ್ತಿತ್ತು. ಚಿಕ್ಕದಕ್ಕೆ ಇಳಿದೆ, ಸರಿಹೋಯಿತು. ಫ್ರೇಮು ಬೀಳಿಸುವ ದೊಡ್ಡ ಶೇಡರಿಗಿಂತ ಬೀಳಿಸದ ಚಿಕ್ಕದೇ ಮೇಲು.

ಶಾರ್ಪನಿಂಗ್, ಅಂದರೆ ಅಂಚುಗಳನ್ನು ಚೂಪು ಮಾಡುವುದರ ಬಗ್ಗೆ ಒಂದು ಮಾತು: ಕಡಿಮೆ ಮಾಡಿ. ಟಿವಿಯ ಎಂಪೆಗ್-2 ವಿಡಿಯೋ ಚಿತ್ರವನ್ನು 8×8ರ ಚೌಕಗಳಾಗಿ ಒಡೆದು ಒತ್ತಿರುತ್ತದೆ. ಅಕ್ಷರಗಳ ಸುತ್ತ ನುಸಿ ಮುತ್ತಿದ ಹಾಗೆ ಕಾಣುವ ಕಲೆಗಳು ಅದರಿಂದಲೇ. ಶಾರ್ಪನಿಂಗ್ ಜಾಸ್ತಿ ಮಾಡಿದಷ್ಟೂ ನುಸಿ ಜಾಸ್ತಿ.

ಈಗ ಎಐ ವಿಷಯ. ಅಪ್ಪನ ಟೇಪುಗಳಲ್ಲಿ ಒಂದು ಸಂಗೀತ ಕಾರ್ಯಕ್ರಮ ಇದೆ. ಹಾಡುವವರ ಸಾಲಿನಲ್ಲಿ ಎಡದಿಂದ ಮೂರನೆಯವರು ನನ್ನ ಚಿಕ್ಕಮ್ಮ. ಅವರು ಈಗ ಇಲ್ಲ. ಟಿವಿಯಲ್ಲಿ ಅವರು ಕಂಡಿದ್ದು ಅದೊಂದೇ ಸಲ. ಹಾಗಾಗಿ ಈ ಟೇಪನ್ನು ಆದಷ್ಟು ಚೆನ್ನಾಗಿ ಮಾಡಬೇಕು ಅಂತ ಹಣ ಕೊಟ್ಟು ಕೊಳ್ಳುವ ಒಂದು ಎಐ ಸಾಫ್ಟ್‌ವೇರಿಗೆ ಕೊಟ್ಟೆ. ರಾತ್ರಿಯೆಲ್ಲ ಓಡಿತು. ಬೆಳಿಗ್ಗೆ ನೋಡಿದರೆ ಬೆರಗಾಗುವಷ್ಟು ಸ್ಪಷ್ಟ. ರೆಪ್ಪೆಯ ಕೂದಲು ಕೂಡ ಬಿಡಿಬಿಡಿಯಾಗಿ ಕಾಣುತ್ತಿತ್ತು. ಅಮ್ಮನನ್ನು ಕರೆದು ತೋರಿಸಿದೆ. ಅಮ್ಮ ಸ್ವಲ್ಪ ಹೊತ್ತು ನೋಡಿ, "ನನ್ನ ತಂಗಿ ಹೀಗಿರಲಿಲ್ಲ ಕಣೋ" ಅಂದರು.

ಮೂಲ ಫೈಲನ್ನು ಪಕ್ಕದಲ್ಲಿ ಹಾಕಿ ಒಂದೊಂದೇ ಫ್ರೇಮು ನೋಡಿದೆ. ಚಿಕ್ಕಮ್ಮನ ಮೂಗಿನ ಪಕ್ಕ ಒಂದು ಮಚ್ಚೆ ಇತ್ತು. ಆ ಚಿತ್ರದಲ್ಲಿ ಅದು ಎರಡು ಮೂರು ಪಿಕ್ಸೆಲ್, ಅದೂ ಟೇಪಿನ ಗದ್ದಲದಲ್ಲಿ ಬಂದು ಹೋಗುತ್ತಿತ್ತು. ಸಾಫ್ಟ್‌ವೇರ್ ಅದನ್ನು ಕೊಳೆ ಅಂತ ಒರೆಸಿ ಹಾಕಿತ್ತು. ಟೇಪಿನಲ್ಲಿ ಇಲ್ಲದ ರೆಪ್ಪೆಗಳನ್ನು ಅದೇ ಬರೆದಿತ್ತು. ಎಲ್ಲಿಂದಲೋ ಕಲಿತ ಬೇರೆ ಯಾರದೋ ಕಣ್ಣು ಅದು. ಆ ಫೈಲನ್ನು ಅಂದೇ ಅಳಿಸಿದೆ. ಮನೆ, ಮರ, ಗ್ರಾಫಿಕ್ಸ್ ಇರುವ ದೃಶ್ಯಗಳಲ್ಲಿ ಇಂಥ ಸಾಫ್ಟ್‌ವೇರ್ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಪರಿಚಯದವರ ಮುಖಕ್ಕೆ ನಾನು ಇನ್ನು ಹಾಕುವುದಿಲ್ಲ.

ಎಂಪಿವಿ ನನಗೆ ಹಿಡಿಸಿದ್ದು ಇದಕ್ಕೇ. ಅದು ಎಲ್ಲವನ್ನೂ ನೋಡುವಾಗಲೇ ಮಾಡುತ್ತದೆ, ಮೂಲ ಫೈಲನ್ನು ಮುಟ್ಟುವುದೇ ಇಲ್ಲ. ನಾಳೆ ಇದಕ್ಕಿಂತ ಒಳ್ಳೆ ಶೇಡರ್ ಬಂದರೆ ಅದನ್ನು ಹಾಕಿಕೊಂಡರಾಯಿತು. ಬಣ್ಣದ ಗೊಂದಲವೂ ಇಲ್ಲ. ಎಸ್‌ಡಿಗೆ ಬಿಟಿ.601, ಎಚ್‌ಡಿಗೆ ಬಿಟಿ.709 ಅಂತ ಬಣ್ಣದ ಲೆಕ್ಕ ಬೇರೆ ಬೇರೆ. ಅದನ್ನು ಗಮನಿಸದೆ ದೊಡ್ಡ ಫೈಲ್ ಮಾಡಿಟ್ಟರೆ ಪ್ಲೇಯರ್ ಎಚ್‌ಡಿ ಲೆಕ್ಕ ಹಿಡಿಯುತ್ತದೆ, ಕೆಂಪು ಕಿತ್ತಳೆ ಕಡೆಗೆ ವಾಲುತ್ತದೆ. ಅದೇ ಸಂಗೀತ ಕಾರ್ಯಕ್ರಮದ ವೇದಿಕೆಯ ಕೆಂಪು ಪರದೆ ಒಮ್ಮೆ ನನಗೆ ಹಾಗೇ ಆಗಿತ್ತು. ಮೂಲ ಫೈಲನ್ನೇ ಓಡಿಸಿದರೆ ಎಂಪಿವಿ ಅಳತೆ ನೋಡಿ ಸರಿಯಾದ ಲೆಕ್ಕವನ್ನೇ ಹಿಡಿಯುತ್ತದೆ.

ಕಷ್ಟ ಇಲ್ಲ ಅಂತಲ್ಲ. ಇದರಲ್ಲಿ ಸೆಟ್ಟಿಂಗ್‌ಗೆ ದೊಡ್ಡ ಕಿಟಕಿ, ಟಿಕ್ ಗುರುತು ಏನೂ ಇಲ್ಲ. ಪಠ್ಯದ ಫೈಲಿನಲ್ಲಿ ಸಾಲು ಸಾಲಾಗಿ ಬರೆಯಬೇಕು. ಕಂಪ್ಯೂಟರ್ ಅಷ್ಟಾಗಿ ಬಳಸದವರಿಗೆ ಯಾರಾದರೂ ಒಮ್ಮೆ ಕೂತು ಮಾಡಿಕೊಡಬೇಕಾಗುತ್ತದೆ. ಒಮ್ಮೆ ಮಾಡಿದರೆ ಮತ್ತೆ ಮುಟ್ಟುವ ಕೆಲಸವಿಲ್ಲ. ನಮ್ಮಮ್ಮನಿಗೆ ಗೊತ್ತಿರುವುದು ಫೈಲ್ ಮೇಲೆ ಎರಡು ಸಲ ಒತ್ತುವುದು ಮಾತ್ರ, ಅವರಿಗೆ ಅಷ್ಟರಲ್ಲೇ ಎಲ್ಲ ಆಗುತ್ತದೆ. 4:3 ಚಿತ್ರವನ್ನು ಎಳೆದು ಅಗಲ ಮಾಡುವ ಆಸೆಯನ್ನು ಮಾತ್ರ ಬಿಡಿ. 1080 ಗೆರೆಯ ಪರದೆಯಲ್ಲಿ ಅದರ ಅಗಲ 1440 ಪಿಕ್ಸೆಲ್, ಎರಡೂ ಪಕ್ಕ 240ರ ಕಪ್ಪು ಪಟ್ಟಿ ಇರಲೇಬೇಕು.

ಇದೆಲ್ಲ ಗೊತ್ತಾಗುವ ಮೊದಲು ನಾನು ಹನ್ನೊಂದು ಟೇಪುಗಳನ್ನು ಎರಡೂ ಫೀಲ್ಡು ಕಲಸಿ, ದೊಡ್ಡದು ಮಾಡಿಯೇ ಉಳಿಸಿಟ್ಟಿದ್ದೆ. ಒಮ್ಮೆ ಕಲಸಿದ ಫೀಲ್ಡನ್ನು ಬಿಡಿಸಲು ಆಗುವುದಿಲ್ಲ. ಕೈ ಬೀಸಿದರೆ ಎರಡು ಕೈ ಕಾಣುತ್ತದೆ. ಪುಣ್ಯಕ್ಕೆ ಟೇಪುಗಳು ಇನ್ನೂ ಓಡುತ್ತವೆ. ಈಗ ಒಂದೊಂದನ್ನೇ ಮತ್ತೆ ಹಾಕಿ, ಇಂಟರ್‌ಲೇಸ್ ಹೇಗಿದೆಯೋ ಹಾಗೇ, 576 ಗೆರೆಯಲ್ಲೇ ಉಳಿಸುತ್ತಿದ್ದೇನೆ. ಏಳು ಮುಗಿದಿವೆ. ಮೊದಲು ಹಾಕಿದ್ದು ಚಿಕ್ಕಮ್ಮನ ಟೇಪು. ನಿಲ್ಲಿಸಿ ನೋಡಿದರೆ ಚಿತ್ರ ಈಗಲೂ ಸ್ವಲ್ಪ ಮಂಜು ಮಂಜು. ಮಚ್ಚೆ ಮಾತ್ರ ಅದರ ಜಾಗದಲ್ಲೇ ಇದೆ.