ಮನೆಗೆ ಬಂದು ರಕ್ತ ತಗೊಂಡು ಹೋಗೋ ಲ್ಯಾಬು, ನನ್ ಕಡೆಯಿಂದ 5ಕ್ಕೆ 4

ಮನೆ ಹತ್ರದ ಸಣ್ಣ ಲ್ಯಾಬು ಇದು, ಫುಲ್ ಬಾಡಿ ಚೆಕಪ್ ಪ್ಯಾಕೇಜ್ ತಗೊಂಡಿದ್ದೆ. ಹುಡುಗ ಬೆಳಿಗ್ಗೆ 7ಕ್ಕೆ ಅಂದ್ರೆ 7ಕ್ಕೇ ಬಂದ, ಒಂದೇ ಸಲಕ್ಕೆ ನರ ಸಿಕ್ತು, ನೋವೂ ಆಗ್ಲಿಲ್ಲ.

ಸಂಜೆ ರಿಪೋರ್ಟ್ ಬಂತು, ಎಲ್ಲಾ ನಾರ್ಮಲ್, ಎಚ್‌ಎಸ್ ಸಿಆರ್‌ಪಿ (ಮೈಯಲ್ಲಿ ಉರಿಯೂತ ಇದ್ರೆ ರಕ್ತದಲ್ಲಿ ಏರೋ ಸಿಆರ್‌ಪಿ ಅನ್ನೋ ಪ್ರೋಟೀನಿನ ಟೆಸ್ಟು) ಮಾತ್ರ 14 ಅಂತ ಕೆಂಪಕ್ಷರದಲ್ಲಿ, ಪಕ್ಕದಲ್ಲೇ 3ಕ್ಕಿಂತ ಜಾಸ್ತಿ ಇದ್ರೆ ಹಾರ್ಟ್ ರಿಸ್ಕ್ ಅಂತ ಬರ್ದಿತ್ತು, ನಂಗೆ ಕೈಕಾಲೇ ಆಡ್ಲಿಲ್ಲ. ಅಷ್ಟರಲ್ಲಿ ಲ್ಯಾಬಿನ ಪೆಥಾಲಜಿಸ್ಟ್ ಮೇಡಂ ಅವರೇ ಫೋನ್ ಮಾಡಿದ್ರು. ಇತ್ತೀಚೆಗೆ ಪೆಟ್ಟೇನಾದ್ರೂ ಆಗಿತ್ತಾ, ಯಾವ ಮಾತ್ರೆ ತಗೋತಿದೀರ, ಈ ಎರಡೇ ಪ್ರಶ್ನೆ ಕೇಳಿದ್ದು. ಎರಡು ದಿನದ ಹಿಂದೆ ಗಾಡಿಯಿಂದ ಬಿದ್ದು ಮೊಣಕಾಲು ಊದಿತ್ತು, ಪಿಸಿಓಡಿಗೆ (ಅಂಡಾಶಯದ ಹಾರ್ಮೋನ್ ತೊಂದ್ರೆ) ಅಂತ ಈಸ್ಟ್ರೋಜನ್ ಅನ್ನೋ ಹೆಣ್ಣು ಹಾರ್ಮೋನ್ ಇರೋ ಮಾತ್ರೆನೂ ನಡೀತಿತ್ತು.

ಅವರು ಹೇಳಿದ್ದು ಇಷ್ಟು. ಗಾಯ ಆದಾಗ ಈ ಪ್ರೋಟೀನ್ ಮಾಡೋದು ಲಿವರ್ರು, ಕೆಲವೇ ಗಂಟೆಲಿ ಏರೋಕೆ ಶುರುವಾಗಿ ಎರಡು ದಿನದ ಹೊತ್ತಿಗೆ ತುದಿ ಮುಟ್ಟುತ್ತೆ, ನಾನು ಸರಿಯಾಗಿ ಅದೇ ಹೊತ್ತಿಗೆ ರಕ್ತ ಕೊಟ್ಟಿದ್ದೆ. ಇನ್ನು ನುಂಗಿದ ಈಸ್ಟ್ರೋಜನ್ ಕರುಳಿಂದ ನೇರ ಲಿವರ್‌ಗೇ ಹೋಗೋದ್ರಿಂದ ಗಾಯ ಇಲ್ದಿದ್ರೂ ಸಿಆರ್‌ಪಿ ಏರುತ್ತಂತೆ, ಅದೇ ಹಾರ್ಮೋನ್ ಚರ್ಮಕ್ಕೆ ಅಂಟಿಸೋ ಪ್ಯಾಚಲ್ಲಿ ಕೊಟ್ರೆ ಹಾಗೆ ಏರಲ್ವಂತೆ. ಸಿರಿಯನ್ ಹ್ಯಾಮ್‌ಸ್ಟರ್ ಅಂತ ಇಲಿ ಜಾತಿದೊಂದು ಪ್ರಾಣಿ ಇದೆಯಲ್ಲ, ಅದರಲ್ಲಿ ಸಿಆರ್‌ಪಿ ಬಳಗದ್ದೇ ಒಂದು ಪ್ರೋಟೀನ್ ಹೆಣ್ಣಿಗೆ ಮೊದಲಿಂದಲೂ ತುಂಬಾ ಜಾಸ್ತಿ, ಗಂಡಿಗೆ ಕಮ್ಮಿ, ಗಾಯ ಆದ್ರೆ ಗಂಡಲ್ಲಿ ಏರುತ್ತೆ, ಹೆಣ್ಣಲ್ಲಿ ಇಳಿಯುತ್ತೆ, ಎಲ್ಲಾ ಹಾರ್ಮೋನ್ ಆಟ ಅಂದ್ರು. ಇಷ್ಟು ಬಿಡಿಸಿ ಯಾವ ಲ್ಯಾಬಲ್ಲಿ ಹೇಳ್ತಾರೆ ಹೇಳಿ!

ಮಾತ್ರೆ ನೀವಾಗೇ ನಿಲ್ಲಿಸ್ಬೇಡಿ, ಊತ ಪೂರ್ತಿ ಇಳಿದ ಮೇಲೆ ಮತ್ತೆ ನೋಡೋಣ ಅಂದ್ರು. ಮೂರು ವಾರ ಬಿಟ್ಟು ಮಾಡಿಸಿದ್ರೆ 4.1. ಉಳಿದಿರೋದು ಮಾತ್ರೆದೇ ಇರ್ಬೇಕು, ರಿಪೋರ್ಟ್ ತಗೊಂಡ್ಹೋಗಿ ನಿಮ್ಮ ಡಾಕ್ಟ್ರಿಗೆ ತೋರಿಸಿ ಅಂದ್ರು, ತೋರಿಸ್ದೆ.

ಒಂದು ಸ್ಟಾರ್ ಕಮ್ಮಿ ಯಾಕಂದ್ರೆ ಫಾರ್ಮಲ್ಲಿ ಹೆಸರು, ವಯಸ್ಸು, ಶುಗರ್ ಇದೆಯಾ ಅಷ್ಟೇ ಕೇಳ್ತಾರೆ. ಗಾಯ, ಹಾರ್ಮೋನ್ ಮಾತ್ರೆ ಯಾವುದಕ್ಕೂ ಜಾಗನೇ ಇಲ್ಲ, ಮೇಡಂ ಫೋನ್ ಮಾಡ್ದೇ ಇದ್ದಿದ್ರೆ ನಾನು ಆ 14 ಹಿಡ್ಕೊಂಡು ರಾತ್ರಿಯೆಲ್ಲಾ ನಿದ್ದೆಗೆಡ್ತಿದ್ದೆ. ಇದನ್ನ ಅವರಿಗೂ ಹೇಳ್ದೆ. ಎರಡನೇ ಸಲ ಬಂದಾಗ ಆ ಹುಡುಗ ಮಾತ್ರೆ ಹೆಸರು ಕೇಳಿ, ಫಾರ್ಮಿನ ಮೇಲೆ ಪೆನ್ನಲ್ಲೇ ಬರ್ಕೊಂಡು ಹೋದ.