ಅರಬ್ಬರ ಇಂಗ್ಲಿಷಿಗೆ ಗ್ರಾಮರ್ ಚೆಕರ್: ಎಷ್ಟು ನಂಬಬಹುದು?

ವರ್ಡ್ ಪ್ರೊಸೆಸರ್ ಜೊತೆಗೇ ಬರುವ ಸ್ಪೆಲ್ಲಿಂಗ್-ಗ್ರಾಮರ್ ಚೆಕರನ್ನು ಇಲ್ಲಿ ಅಳೆದಿರುವುದು ಒಂದೇ ಕೆಲಸಕ್ಕೆ: ಅರಬ್ಬಿ ಮನೆಮಾತಿನವರು ಬರೆದ ಇಂಗ್ಲಿಷ್ ಪತ್ರ, ವರದಿ ತಿದ್ದಲು. ಕೊಲ್ಲಿ ದೇಶದ ಆಫೀಸುಗಳಲ್ಲಿ ಈ ಕೆಲಸ ನಮ್ಮವರ ಮೇಜಿಗೂ ಬರುತ್ತದೆ.

ಮೊದಲು ಸೆಟ್ಟಿಂಗ್. ಅರಬ್ಬಿ ಕೀಬೋರ್ಡ್ ಇರುವ ಕಂಪ್ಯೂಟರಿನಲ್ಲಿ ಪ್ಯಾರಾ ಬಲದಿಂದ ಎಡಕ್ಕೆ ಉಳಿದಿದ್ದರೆ ವಾಕ್ಯದ ಕೊನೆಯ ಚುಕ್ಕಿ ಎಡತುದಿಗೆ ಹಾರುತ್ತದೆ. ವರ್ಡ್‌ನಲ್ಲಾದರೆ ಕಂಟ್ರೋಲ್ ಜೊತೆ ಎಡಗಡೆಯ ಶಿಫ್ಟ್ ಒತ್ತಿ. ಆಮೇಲೆ ಎಲ್ಲವನ್ನೂ ಸೆಲೆಕ್ಟ್ ಮಾಡಿ ಪ್ರೂಫಿಂಗ್ ಭಾಷೆ ಇಂಗ್ಲಿಷ್ ಮಾಡಿ. ಇಲ್ಲದಿದ್ದರೆ ಚೆಕರ್ ಕೆಲವು ಸಾಲುಗಳನ್ನು ಮುಟ್ಟುವುದೇ ಇಲ್ಲ.

ಕಾಗುಣಿತಕ್ಕೆ ಒಳ್ಳೆಯ ಅಂಕ. ಅರಬ್ಬಿ ಬರಹದಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಹಾಗಾಗಿ ಇಂಗ್ಲಿಷಿನಲ್ಲೂ ಸ್ವರ ಬಿಟ್ಟುಹೋಗುತ್ತದೆ, ಇಲ್ಲವೇ ಅದಲುಬದಲಾಗುತ್ತದೆ. ವ್ಯಂಜನ ಸರಿಯಿರುವುದರಿಂದ ಯಂತ್ರ ಸಲೀಸಾಗಿ ಊಹಿಸುತ್ತದೆ. ತಪ್ಪು ಪದವೂ ಡಿಕ್ಷನರಿಯಲ್ಲಿದ್ದರೆ ಮಾತ್ರ ಕೆಟ್ಟಿತು. ಅರಬ್ಬಿಯಲ್ಲಿ 'ಪ' ಇಲ್ಲ, 'ಬ' ಮಾತ್ರ. 'ಪಾರ್ಕಿಂಗ್' ಹೋಗಿ 'ಬಾರ್ಕಿಂಗ್' ಆದರೆ ಕಾಗುಣಿತದ ಕೆಂಪು ಗೆರೆ ಬೀಳದು. ಅತಿ ಎಚ್ಚರದಲ್ಲಿ 'ಬಿಲ್' ಎನ್ನುವುದು 'ಪಿಲ್' ಆಗುವುದೂ ಉಂಟು.

ನಿಜವಾಗಿ ಸೋಲುವುದು 'ದಿ' ವಿಷಯದಲ್ಲಿ. ಅರಬ್ಬಿಯಲ್ಲಿ ಬದುಕು, ಪ್ರೀತಿ, ಶಿಕ್ಷಣದಂಥ ಪದಗಳಿಗೂ 'ದಿ'ಗೆ ಸಮನಾದ 'ಅಲ್' ಹತ್ತುತ್ತದೆ. ಅದೇ 'ದಿ ಲೈಫ್ ಈಸ್ ಡಿಫಿಕಲ್ಟ್' ಆಗಿ ಇಳಿಯುತ್ತದೆ. ವ್ಯಾಕರಣದ ಲೆಕ್ಕಕ್ಕೆ ವಾಕ್ಯ ಸರಿ, ಆದ್ದರಿಂದ ಚೆಕರ್ ಹೆಚ್ಚಾಗಿ ಸುಮ್ಮನಿರುತ್ತದೆ. ನಮ್ಮ ಕಣ್ಣನ್ನೂ ನೆಚ್ಚುವಂತಿಲ್ಲ. ಕನ್ನಡದಲ್ಲಿ ಇಂಥ ಪದವೇ ಇಲ್ಲದ್ದರಿಂದ ನಾವು 'ದಿ' ಬಿಡುವವರು, ಹೆಚ್ಚಾದದ್ದು ಕಾಣುವುದು ಕಷ್ಟ. 'ಹಿ ಮ್ಯಾನೇಜರ್' ಎಂದು 'ಈಸ್' ಬಿಡುವುದರಲ್ಲಂತೂ ಇಬ್ಬರೂ ಒಂದೇ. ಫೈಂಡ್‌ನಲ್ಲಿ 'ದಿ' ಹಾಕಿ ಒಂದೊಂದನ್ನೇ ನೋಡಿ. 'ಇಟ್' ಅನ್ನೂ ಹುಡುಕಿ: 'ದಿ ಫೈಲ್ ದಟ್ ಐ ಸೆಂಟ್ ಇಟ್' ಎಂಬಲ್ಲಿ ಕೊನೆಯ 'ಇಟ್' ಅರಬ್ಬಿ ವಾಕ್ಯಕ್ಕೆ ಬೇಕು, ಇಂಗ್ಲಿಷಿಗೆ ಬೇಡ.

'ಅಂಡ್' ಪೋಣಿಸಿದ ಉದ್ದ ವಾಕ್ಯಗಳನ್ನು ತುಂಡರಿಸಲು ಕೆಲವು ಚಂದಾ ಆವೃತ್ತಿಗಳು ಸೂಚಿಸುತ್ತವೆ. ಕಣ್ಣುಮುಚ್ಚಿ ಒಪ್ಪಬೇಡಿ. 'ಅಂಡ್'ಗೆ ಸಮನಾದ ಅರಬ್ಬಿಯ 'ವ' ಸಂದರ್ಭ ನೋಡಿ 'ಆಗಿರುವಾಗ', 'ಆದರೆ' ಎಂಬ ಅರ್ಥವನ್ನೂ ಹೊರುತ್ತದೆ. ಕತ್ತರಿಸಿದರೆ ಆ ಸಂಬಂಧ ಹೋಗುತ್ತದೆ. ಕರಾರುಪತ್ರವಾದರೆ ಬರೆದವರನ್ನೇ ಕೇಳಬೇಕು. ಈ ಒಂದು ಕೆಲಸಕ್ಕೆಂದೇ ಚಂದಾ ಕಟ್ಟುವುದು ದಂಡ. ಪುಕ್ಕಟೆ ಚೆಕರ್, ಜೊತೆಗೆ ಫೈಂಡ್ ಸಾಕು.